ಬಿಟ್ಟಿ ಬೆಳಕೂ ಉಳಿದ ತುಂಡುಗಳೂ



ಹಣ ಕೊಟ್ಟು ತಂದ ಪದಾರ್ಥವನ್ನು ಜೋಪಾನಮಾಡಬೇಕೆಂದು ನಮಗೆ ಯಾರೂ ಬೋಧಿಸಬೇಕಾಗಿಲ್ಲ. ಕೈಬಿಟ್ಟುಹೋದ ರೂಪಾಯಿಯೇ ಆ ಬೋಧನೆಯನ್ನು ಮಾಡುವದು. ಆದರೆ ಹಣ ಕೊಡದೆ ದೊರಕಿದ್ದನ್ನು ಜೋಪಾನಮಾಡುವ ಋಣ ನಮ್ಮ ಮೇಲೆ ಉಂಟೋ ಇಲ್ಲವೋ? ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ತೆಗೆದುಕೊಂಡವನಲ್ಲ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಇರುವ ನಮ್ಮ ಚಿಕ್ಕ ಸಭೆಯಲ್ಲಿ ಒಬ್ಬ ಸಹೋದರನು ತನ್ನ ಜಗಲಿಯ ಮೇಲೆ ಕುಳಿತು ಇದನ್ನು ಕೇಳಿದನು. ಆಗ ನನ್ನ ಬಾಯಿಂದ ಸರಿಯಾದ ಉತ್ತರ ಹೊರಡಲಿಲ್ಲ. ಅನೇಕ ದಿವಸ ಯೋಚಿಸಿದ ಮೇಲೆ ಇದನ್ನು ಬರೆಯುತ್ತೇನೆ.

ಸಂಗತಿ ಹೇಗಾಯಿತೆಂದರೆ, ನಮ್ಮ ಯುವಜನರ ಕೂಟದ ಹನ್ನೊಂದು ಮಂದಿ ಹುಡುಗರೂ ಹುಡುಗಿಯರೂ ಆದಿತ್ಯವಾರದ ಆರಾಧನೆಯ ತರುವಾಯ ಮನೆ ಮನೆಗೆ ಹೋಗಿ, ವಿದ್ಯುಚ್ಛಕ್ತಿಯೂ ಸೌದೆಯೂ ಗ್ಯಾಸೂ ಹಾಳಾಗದಂತೆ ನಡೆದುಕೊಳ್ಳುವ ಕ್ರಮವನ್ನು ತಿಳಿಸಬೇಕೆಂದು ತೀರ್ಮಾನಿಸಿದರು. ನಮ್ಮ ಸಭೆಯವರ ಮನೆಗಳಿಗೆ ಮಾತ್ರವಲ್ಲ, ಬೀದಿಯಲ್ಲಿರುವ ಸಕಲರ ಮನೆಗಳಿಗೂ ಹೋಗಬೇಕೆಂಬದು ಅವರ ಆಶೆ. ಉಪದೇಶಿಯಾದ ನಾನು ಪ್ರಾರ್ಥನೆ ಮಾಡಿ ಕಳುಹಿಸಿದರೆ ಸಾಕೆಂದು ನೆನಸಿದ್ದೆನು. ಅವರು ಬಿಡದೆ ನನ್ನನ್ನೂ ಕೂಡ ಕರೆದುಕೊಂಡು ಹೋದರು.

ಭದ್ರಾವತಿಯಲ್ಲಿ ವಿದ್ಯುತ್ತಿನ ಕಸಬನ್ನು ಕಲಿಯುತ್ತಿರುವ ಒಬ್ಬ ಹುಡುಗನು ಉಳಿದವರಿಗೆ ಲೆಕ್ಕವನ್ನು ಕಲಿಸಿದ್ದನು. ಸಾವಿರ ವ್ಯಾಟಿನ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್ಟು. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ಟು ತಿನ್ನುವದು. ಅದರ ಸ್ಥಳದಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಇಟ್ಟರೆ ಒಂದೂವರೆ ಯೂನಿಟ್ಟೂ ಆಗುವದಿಲ್ಲ. ಇಷ್ಟನ್ನು ಈಗ ಬಹಳ ಮಂದಿ ಬಲ್ಲರು. ಆದರೆ ಸ್ನಾನದ ನೀರಿಗೆ ಬಕೆಟ್ಟಿನಲ್ಲಿ ಇಳಿಬಿಡುವ 1500 ವ್ಯಾಟಿನ ರಾಡು ದಿನಕ್ಕೆ ಅರ್ಧ ಗಂಟೆ ನಡೆದರೂ ತಿಂಗಳಿಗೆ 22 ಯೂನಿಟ್ಟು ಮೀರುವದೆಂಬದನ್ನು ನಾನೇ ಅರಿಯದೆ ಇದ್ದೆನು. ನಮ್ಮ ಮನೆಯಲ್ಲಿ ಹಜಾರದ ಬಲ್ಬನ್ನು ಆರಿಸಲಿಲ್ಲವೆಂದು ಮಕ್ಕಳನ್ನು ಗದರಿಸುವವನು ನಾನು. ಬಚ್ಚಲಿನಲ್ಲಿ ರಾಡನ್ನು ಹಾಕಿ, ಹಿತ್ತಿಲಿನಲ್ಲಿ ನೆರೆಯವನ ಸಂಗಡ ಮಾತಾಡುತ್ತಾ ನೀರು ಕುದಿಯುವ ತನಕ ನಿಲ್ಲುವವನೂ ನಾನೇ. ನೊಣವನ್ನು ಸೋಸುತ್ತಾ ಒಂಟೆಯನ್ನು ನುಂಗುವವರ ವಿಷಯವಾಗಿ ಕರ್ತನು ಹೇಳಿದ್ದು ನನ್ನ ಬಚ್ಚಲಿಗೂ ತಗಲುತ್ತದೆಂದು ಆ ದಿನ ಗೊತ್ತಾಯಿತು.

ಹೀಗೆ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದವನ್ನು ಸಿಕ್ಕಿಸಿ, ಎಳೆದರೆ ಸಲೀಸಾಗಿ ಹೊರಬರುವದೋ ಎಂದು ನೋಡಿ, ಬಂದರೆ ಅಂಚಿನ ರಬ್ಬರು ಸಡಿಲವಾಗಿ ತಂಪು ಸೋರುತ್ತಿದೆಯೆಂದು ತಿಳಿಸುತ್ತಿದ್ದರು. ಕಾಳನ್ನು ರಾತ್ರಿಯೇ ನೆನೆಹಾಕಿರೆಂದೂ ಪಾತ್ರೆಗೆ ಮುಚ್ಚಳ ಮುಚ್ಚಿ ಬೇಯಿಸಿರೆಂದೂ ಹೇಳುತ್ತಿದ್ದರು. ಇದನ್ನು ಕೇಳಿದ ಒಬ್ಬ ಅಜ್ಜಿಯು, “ಇದನ್ನು ನಮ್ಮ ಅತ್ತೆ ನನಗೆ ಹೇಳಿದ್ದರು, ನಾನು ನನ್ನ ಸೊಸೆಗೆ ಹೇಳಿದೆ, ಅವಳು ಕೇಳಲಿಲ್ಲ, ಈಗ ನೋಟುಬುಕ್ಕು ಹಿಡಿದುಕೊಂಡು ಬಂದವರು ಹೇಳಿದರೆ ಕೇಳಿಯಾಳು” ಎಂದು ನಕ್ಕರು. ಇನ್ನೊಂದು ಮನೆಯ ಗೃಹಿಣಿಯು ಸತ್ಯವೇದವನ್ನು ಚೆನ್ನಾಗಿ ಓದಿದಾಕೆ. ಆಕೆಯು ಹುಡುಗರನ್ನು ನಿಲ್ಲಿಸಿ, ಜ್ಞಾನೋಕ್ತಿಗಳ ಕಡೇ ಅಧ್ಯಾಯದಲ್ಲಿ ಹೊಗಳಲ್ಪಟ್ಟ ಸ್ತ್ರೀಯು ರಾತ್ರಿಯಲ್ಲಿಯೂ ದೀಪವನ್ನು ಆರಿಸದೆ ಇದ್ದಳಲ್ಲಾ, ಆಕೆಯ ಮನೆಗೂ ಹೋಗುವಿರೋ ಎಂದು ಕೇಳಿದಳು. ನಾನು ತತ್ತರಿಸಿದೆನು. ಆದರೆ ಒಬ್ಬ ಹುಡುಗಿಯು, “ಅಕ್ಕಾ, ಅವಳು ಆ ದೀಪದ ಕೆಳಗೆ ಕೂತು ನೂಲುತ್ತಿದ್ದಳು” ಎಂದಳು. ಯಾರೂ ನೂಲದ ಕೋಣೆಯಲ್ಲಿ ದೀಪ ಯಾಕೆ ಎಂಬದು ಅವಳ ಅಭಿಪ್ರಾಯ. ಸೆಮಿನರಿಯಲ್ಲಿ ಓದಿದ ನನಗೆ ಅದು ಹೊಳೆಯಲಿಲ್ಲ.

ನಾಲ್ಕನೆಯ ಮನೆಯಲ್ಲಿಯೇ ನಾನು ಮೊದಲು ಹೇಳಿದ ಪ್ರಶ್ನೆ ಎದ್ದಿತು. ಆ ಸಹೋದರನಿಗೆ ಅಡಿಕೆಯ ತೋಟವುಂಟು. ಸಭೆಗೆ ಕೊಡುವದರಲ್ಲಿ ಕೈ ಹಿಡಿಯುವವನಲ್ಲ. ಅವನು ಅಂದದ್ದೇನಂದರೆ: “ಉಪದೇಶಿಗಳೇ, ಸರ್ಕಾರದವರು ಕರೆಂಟನ್ನು ಬಿಟ್ಟಿಯಾಗಿ ಕೊಡುತ್ತಾರೆ. ನನ್ನ ಪಾಲಿಗೆ ಇಷ್ಟು ಯೂನಿಟ್ಟೆಂದು ಅವರೇ ಬರೆದಿದ್ದಾರೆ. ಅದರೊಳಗೆ ನಾನು ಎಷ್ಟು ಉಳಿಸಿದರೂ ನನ್ನ ಬಿಲ್ಲು ಸೊನ್ನೆಯೇ. ಕಳ್ಳತನ ಮಾಡಿದರೆ ಪಾಪ, ಒಪ್ಪಿದೆ. ಕೊಟ್ಟದ್ದನ್ನು ಉಪಯೋಗಿಸಿದರೆ ಯಾವ ಪಾಪ? ಸತ್ಯವೇದದಲ್ಲಿ ಎಲ್ಲಿದೆ, ತೋರಿಸಿ.”

ವಾಚಕರಿಗೆ ತಿಳಿದಿರುವಂತೆ ನಮ್ಮ ರಾಜ್ಯದಲ್ಲಿ 2023ನೆಯ ಇಸವಿಯ ಜುಲೈ ತಿಂಗಳಿನ ಬಳಕೆಯಿಂದ ಗೃಹಜ್ಯೋತಿ ಎಂಬ ಯೋಜನೆ ಜಾರಿಗೆ ಬಂದಿತು. ಪ್ರತಿ ಮನೆಯು ಅದಕ್ಕೆ ಹಿಂದಿನ ವರುಷದಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿತೋ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿ, 200 ಯೂನಿಟ್ಟಿಗೆ ಮೀರದಂತೆ ಉಚಿತವಾಗಿ ಕೊಡುವದೆಂದು ಗೊತ್ತುಮಾಡಿದರು. ಅನೇಕ ಬಡಮನೆಗಳಲ್ಲಿ ಬಿಲ್ಲಿನ ಭಯ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಯೋಜನೆಯನ್ನು ಹಳಿಯುವದು ನನ್ನ ಉದ್ದೇಶವಲ್ಲ. ಆ ಸಹೋದರನು ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. ನಾನು ಆ ಹೊತ್ತಿನಲ್ಲಿ ಮಿತವ್ಯಯದ ವಿಷಯವಾಗಿ ಏನೋ ನಾಲ್ಕು ಮಾತು ಆಡಿ, ಕಾಫಿ ಕುಡಿದು ಹೊರಟೆನು.

ಅವನು ತೋರಿಸಿ ಅಂದದ್ದು ಸತ್ಯವೇದದಲ್ಲಿ ಉಂಟು. ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಉಂಟು. ಆ ಕಥೆಯನ್ನು ನಾವು ಆದಿತ್ಯವಾರದ ಶಾಲೆಯ ಮಕ್ಕಳಿಗೆ ಹೇಳುವಾಗ ಐದು ರೊಟ್ಟಿ ಎರಡು ಮೀನುಗಳ ಆಶ್ಚರ್ಯದಲ್ಲಿಯೇ ನಿಂತುಬಿಡುತ್ತೇವೆ. ಅಲ್ಲಿ ಉಂಡವರಲ್ಲಿ ಒಬ್ಬರಾದರೂ ಒಂದು ಕಾಸನ್ನು ಕೊಡಲಿಲ್ಲ. ರೊಟ್ಟಿಯ ಕೊರತೆಯೂ ಇರಲಿಲ್ಲ. ಎಲ್ಲರೂ ಬೇಕಾದಷ್ಟು ತಿಂದು ತೃಪ್ತರಾದರು. ಕೊಡುವಾತನ ಕೈ ಬರಿದಾಗುವಂಥದ್ದಲ್ಲ. ಮರುದಿವಸ ಪುನಃ ಬೇಕೆಂದರೆ ಪುನಃ ಆಗುತ್ತಿತ್ತು. ಹಾಳುಮಾಡುವದಕ್ಕೆ ಅದಕ್ಕಿಂತ ಒಳ್ಳೇ ನೆವ ಲೋಕದಲ್ಲಿ ಯಾರಿಗೂ ಸಿಕ್ಕಲಿಲ್ಲ. ಹಾಗಿದ್ದರೂ ಕರ್ತನು ಶಿಷ್ಯರನ್ನು ಕರೆದು, ಹುಲ್ಲಿನ ಮೇಲೆ ಮಿಕ್ಕಿದ್ದ ತುಂಡುಗಳನ್ನು ಏನೂ ನಷ್ಟವಾಗದಂತೆ ಕೂಡಿಸಬೇಕೆಂದು ಅಪ್ಪಣೆಕೊಟ್ಟನು. ಹನ್ನೆರಡು ಪುಟ್ಟಿಗಳು ತುಂಬಿದವು. ಆತನಿಗೆ ಆ ತುಂಡುಗಳ ಅವಶ್ಯವಿತ್ತೋ? ಇಲ್ಲವೆಂದು ನಾನು ನಂಬುತ್ತೇನೆ. ಅವು ದೇವರ ಕೈಯಿಂದ ಬಂದವುಗಳೆಂಬದರ ನಿಮಿತ್ತವೇ ಅವುಗಳನ್ನು ತುಳಿಯಕೂಡದಾಗಿತ್ತು. ಬೆಲೆಯಿಲ್ಲದೆ ಬಂದದ್ದನ್ನು ನಾವು ಬೆಲೆಯಿಲ್ಲದ್ದೆಂದು ಎಣಿಸುತ್ತೇವೆ. ಆತನು ಹಾಗೆ ಎಣಿಸಲಿಲ್ಲ.

ಇಷ್ಟು ನನಗೆ ಹೊಳೆದಾಗ ಉತ್ತರ ಸಿಕ್ಕಿತೆಂದು ಸಂತೋಷಪಟ್ಟೆನು. ಆದರೆ ರೊಟ್ಟಿಗೂ ಕರೆಂಟಿಗೂ ಒಂದು ಭೇದವುಂಟು. ಗಲಿಲಾಯದ ಆ ರೊಟ್ಟಿಯು ಆಕಾಶದ ಕೊಡುಗೆ. ನಮ್ಮ ಮನೆಯ ಬೆಳಕಿಗೆ ಮನುಷ್ಯರು ಕ್ರಯ ತೆತ್ತಿದ್ದಾರೆ, ಈಗಲೂ ತೆರುತ್ತಿದ್ದಾರೆ. ಸೊನ್ನೆಯ ಬಿಲ್ಲು ಅಂದರೆ ಸೊನ್ನೆಯ ಕ್ರಯವಲ್ಲ. ನಮ್ಮ ಬಿಲ್ಲಿನ ಹಣವನ್ನು ಸರ್ಕಾರವು ಬೊಕ್ಕಸದಿಂದ ಮೆಸ್ಕಾಮಿಗೆ ತುಂಬಿಕೊಡಬೇಕು. ಆ ಬೊಕ್ಕಸಕ್ಕೆ ಹಣ ಎಲ್ಲಿಂದ ಬರುವದು? ಕೂಲಿಯಾಳು ತನ್ನ ಕಾಲಿಗೆ ಕೊಂಡ ಚಪ್ಪಲಿಯ ತೆರಿಗೆಯೂ ಅದರೊಳಗೆ ಉಂಟು.

ಇದಕ್ಕಿಂತ ದೊಡ್ಡ ಕ್ರಯವನ್ನು ನಮ್ಮ ಜಿಲ್ಲೆಯವರು ಮರೆಯಬಾರದು. ಜೋಗದಲ್ಲಿ 1948ರ ಫೆಬ್ರವರಿಯಲ್ಲಿ ಜಲವಿದ್ಯುತ್ ಕೇಂದ್ರ ಆರಂಭವಾಯಿತು. ಅದಕ್ಕೆ ಈಗ ಮಹಾತ್ಮ ಗಾಂಧಿಯವರ ಹೆಸರುಂಟು. ಅದಕ್ಕೋಸ್ಕರ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಿದ್ದರು. ತರುವಾಯ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ, ಮುಂಚಿನ ಆ ಅಣೆಕಟ್ಟೇ ಹೊಸ ನೀರಿನೊಳಗೆ ಮುಳುಗಿತು. ಬೇಸಗೆಯಲ್ಲಿ ನೀರು ಬಹಳವಾಗಿ ಇಳಿದಾಗ ಅದು ಮೇಲೆ ಕಾಣಿಸಿಕೊಳ್ಳುವದು. ಅದರ ಸಂಗಡ ಗದ್ದೆಗಳೂ ಮನೆಗಳೂ ತೋಟಗಳೂ ಮುಳುಗಿದವು. 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದಿಂದ ರಾಜ್ಯವೆಲ್ಲಾ ಬೆಳಕನ್ನು ಕಂಡಿತು. ಊರು ಬಿಟ್ಟ ಸಾವಿರಾರು ಜನರಲ್ಲಿ ಅನೇಕರನ್ನು ಲಾರಿಗಳಲ್ಲಿ ತಂದು ಜಿಲ್ಲೆಯ ಬೇರೆ ಬೇರೆ ಕಾಡುಗಳಲ್ಲಿ ಇಳಿಸಿದರು. ಅರವತ್ತು ವರುಷ ದಾಟಿದರೂ, ತಾವು ಉಳುವ ನೆಲದ ಹಕ್ಕುಪತ್ರಕ್ಕಾಗಿ ಅವರ ಮೊಮ್ಮಕ್ಕಳು ಕಚೇರಿಗಳಿಗೂ ನ್ಯಾಯಾಲಯಗಳಿಗೂ ತಿರುಗಿದ್ದಾರೆ. ಹಿನ್ನೀರಿನ ಆಚೇ ದಡದಲ್ಲಿ ಉಳಿದ ತುಮರಿಯ ಸುತ್ತಲಿನವರು, ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆ 2025ರ ಜುಲೈಯಲ್ಲಿ ತೆರೆಯುವ ತನಕ, ಹೆರಿಗೆಯ ನೋವಿನವಳನ್ನು ಕೂಡ ಲಾಂಚಿನಲ್ಲಿಯೇ ದಾಟಿಸಬೇಕಾಗಿತ್ತು.

ನಮ್ಮ ಹುಡುಗರು ಹೋದ ಮನೆಗಳಲ್ಲಿ ಒಂದು, ಹೀಗೆ ಮುಳುಗಿದ ಊರಿನಿಂದ ಬಂದ ಕುಟುಂಬದ್ದು. ಅವರು ನಮ್ಮ ಸಭೆಯವರಲ್ಲ. ಮುದುಕನು ಹುಡುಗರ ಮಾತನ್ನೆಲ್ಲಾ ಕೇಳಿ, ಗೋಡೆಯ ಮೇಲಿದ್ದ ಟ್ಯೂಬ್ ಲೈಟನ್ನು ತೋರಿಸಿ, “ಅದರಲ್ಲಿ ನಮ್ಮ ಗದ್ದೆ ಉರಿಯುತ್ತಾ ಇದೆ” ಎಂದು ಮಾತ್ರ ಹೇಳಿದನು. ಹುಡುಗರು ಆ ಮನೆಯಲ್ಲಿ ನೋಟುಬುಕ್ಕನ್ನು ತೆರೆಯಲಿಲ್ಲ.

ದಾವೀದನ ಜೀವನದಲ್ಲಿ ಒಂದು ಸಂಗತಿಯುಂಟು. ಸಮುವೇಲನ ಎರಡನೆಯ ಪುಸ್ತಕದ 23ನೆಯ ಅಧ್ಯಾಯದಲ್ಲಿ ಓದಿರಿ. ಬೇತ್ಲೆಹೇಮಿನ ಊರಬಾಗಿಲ ಬಳಿಯ ಬಾವಿಯ ನೀರಿಗೆ ಅವನು ಆಶೆಪಟ್ಟನು. ಮೂವರು ಶೂರರು ಶತ್ರುಗಳ ದಂಡಿನೊಳಗೆ ನುಗ್ಗಿ ಆ ನೀರನ್ನು ತಂದರು. ದಾವೀದನು ಕುಡಿಯಲಿಲ್ಲ. ತನಗೆ ಪುಕ್ಕಟೆಯಾಗಿ ಬಂದ ಆ ಬೊಗಸೆ ನೀರಿನಲ್ಲಿ ತಂದವರ ಪ್ರಾಣವು ಅವನಿಗೆ ಕಾಣಿಸಿತು. ಅದನ್ನು ಕರ್ತನ ಮುಂದೆ ಹೊಯ್ದುಬಿಟ್ಟನು. ನಾವು ದಾವೀದನಂತೆ ಬೆಳಕನ್ನು ಹೊಯ್ದುಬಿಡಬೇಕೆಂದು ಹೇಳುವದಿಲ್ಲ. ಮಕ್ಕಳು ಓದಬೇಕು, ಮುದುಕರು ರಾತ್ರಿ ಎಡವಬಾರದು. ಕಳೆದುಹೋದ ನಾಣ್ಯವನ್ನು ಹುಡುಕಲು ಆ ಹೆಂಗಸು ದೀಪ ಹಚ್ಚಿದ್ದನ್ನು ಕರ್ತನೇ ದೃಷ್ಟಾಂತವಾಗಿ ಹೇಳಿದನಲ್ಲವೇ. ಆದರೆ ಮತ್ತೊಬ್ಬನ ಗದ್ದೆಯನ್ನು ಖಾಲಿ ಕೋಣೆಯಲ್ಲಿ ಉರಿಸುವದಕ್ಕೆ, ಬಿಲ್ಲು ಸೊನ್ನೆಯೆಂಬದು ಸಾಕಾದ ಕಾರಣವೋ?

ಇದಕ್ಕೆ ಹಿಂದಿನ ಕಾಲದ ಸಾಕ್ಷಿ ಭದ್ರಾವತಿಯಲ್ಲಿಯೂ ಉಂಟು. ಆ ಊರಿಗೆ ಮೊದಲು ಬೆಂಕಿಪುರವೆಂದು ಹೆಸರು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಅಲ್ಲಿ ಕೆಲಸಕ್ಕೆ ತೊಡಗಿದಾಗ, ಅದಿರನ್ನು ಕರಗಿಸಿದ್ದು ಮಲೆನಾಡಿನ ಮರದ ಇದ್ದಲಿನಿಂದ. ಇದ್ದಲು ಮಾಡುವಾಗ ಹೊರಡುವ ಹೊಗೆಯನ್ನು ಕೂಡ ಬಿಡದೆ ಹಿಡಿದು, ಅದರಿಂದ ಡಾಂಬರು ಮೊದಲಾದವುಗಳನ್ನು ಭಟ್ಟಿಯಿಳಿಸುತ್ತಿದ್ದರು. ಹೊಗೆಯ ತುಂಡುಗಳನ್ನೂ ಪುಟ್ಟಿಗೆ ತುಂಬಿದವರು ಅವರು. ಹಾಗಿದ್ದರೂ ಕಾಡು ಕಾಡೇ ಅಲ್ಲವೇ, ಕಡಿದದ್ದು ಕಡಿದದ್ದೇ. ಜೋಪಾನದಿಂದ ಎಲ್ಲಾ ನಷ್ಟವೂ ತೀರುವದೆಂದು ನಾನು ಹೇಳಲಾರೆನು.

ಇನ್ನು 2023ನೆಯ ವರುಷವನ್ನೇ ನೆನಸಿಕೊಳ್ಳಿರಿ. ಬೆಳಕು ಉಚಿತವಾದ ವರುಷವೇ ಮಳೆ ತಪ್ಪಿದ ವರುಷವೂ ಆಯಿತು. ಬಹುತೇಕ ತಾಲೂಕುಗಳಲ್ಲಿ ಬರವೆಂದು ಸಾರಿದರು, ಲಿಂಗನಮಕ್ಕಿ ತುಂಬಲಿಲ್ಲ, ಅಕ್ಟೋಬರಿನಲ್ಲಿ ವಿದ್ಯುತ್ತಿನ ಕೊರತೆಯಾಗಿ ಪಂಪಿನ ಕರೆಂಟಿಗಾಗಿ ರೈತರು ಬೀದಿಗಿಳಿದರು. ತೋಟವುಳ್ಳ ನಮ್ಮ ಸಹೋದರನಿಗೆ ಇದನ್ನು ನಾನು ಜ್ಞಾಪಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ತಿಂಗಳು ನನ್ನ ಸಸಿಗಳು ಒಣಗಿದವು” ಎಂದನು. ಒಂದು ಮನೆಯ ದೀಪವನ್ನು ಆರಿಸಿದರೆ ಒಂದು ಪಂಪು ತಿರುಗುವದೆಂದು ನಾನು ಅವನಿಗೆ ಹೇಳಲಿಲ್ಲ. ಲೆಕ್ಕ ಅಷ್ಟು ಸುಲಭವಲ್ಲ. ಆದರೂ ಸಂಜೆಯ ಹೊತ್ತಿನಲ್ಲಿ ಲಕ್ಷಾಂತರ ಮನೆಗಳು ಎಳೆಯುವ ಕರೆಂಟು ಒಂದೇ ಕೆರೆಯ ನೀರಿನಂತಿದೆಯೆಂದು ಅವನಿಗೆ ನಾನು ವಿವರಿಸಬೇಕಾಗಲಿಲ್ಲ.

ಇಷ್ಟರಲ್ಲಿ ಲೇಖನವು ಮುಗಿಯುತ್ತಿತ್ತು. ಆದರೆ ಊರ ಕೊನೆಯ ಮನೆಯ ಸಂಗತಿಯನ್ನು ಬಿಟ್ಟರೆ ನಾನು ಸತ್ಯವಂತನಾಗುವದಿಲ್ಲ. ಅದು ನಮ್ಮ ಸಭೆಯ ಒಬ್ಬ ವಿಧವೆಯ ಮನೆ. ಹುಡುಗರು ಪದ್ಧತಿಯಂತೆ ಶುರುಮಾಡಿದರು. ಆಕೆಯು ಕೈಮುಗಿದು, “ಮಕ್ಕಳೇ, ನನ್ನ ಮನೆಯಲ್ಲಿ ಎರಡು ದೀಪ. ಒಂದು ಒಲೆಯ ಹತ್ತಿರ, ಒಂದು ಹೊರಗೆ ಬಾಗಿಲಲ್ಲಿ. ಯಾವುದನ್ನು ಆರಿಸಲಿ, ನೀವೇ ಹೇಳಿ” ಎಂದಳು. ಹಂಗಿಸಿ ಕೇಳಿದ್ದಲ್ಲ, ಹೇಳಿದರೆ ಆರಿಸಿಬಿಡುವವಳಂತೆ ಕೇಳಿದಳು. ಆಕೆಯ ಬಿಲ್ಲನ್ನು ನೋಡಿದೆವು. ಯೋಜನೆ ಬರುವದಕ್ಕೆ ಮುಂಚೆ ತಿಂಗಳಿಗೆ 22 ಯೂನಿಟ್ಟು ಬಳಸಿದವಳಿಗೆ, ನೂರಕ್ಕೆ ಹತ್ತರಂತೆ ಹೆಚ್ಚಾಗಿ ದೊರಕಿದ್ದು ಎರಡು ಯೂನಿಟ್ಟು ಚಿಲ್ಲರೆ. ತಿಂಗಳಿಗೆ 170 ಸುಟ್ಟವನಿಗೆ ಹದಿನೇಳು! ಅಂದರೆ ಯಾರು ಮುಂಚೆ ಹೆಚ್ಚಾಗಿ ಸುಟ್ಟರೋ ಅವರಿಗೆ ಹೆಚ್ಚಾದ ಪಾಲು, ಯಾರು ಕೈ ಹಿಡಿದು ಬಾಳಿದರೋ ಅವರಿಗೆ ಚಿಕ್ಕ ಪಾಲು. ಈ ಓರೆಯನ್ನು ಸರ್ಕಾರದವರೂ ಕಂಡು, 48 ಯೂನಿಟ್ಟಿಗಿಂತ ಕಡಿಮೆ ಬಳಸುವವರಿಗೆ ನೂರಕ್ಕೆ ಹತ್ತರ ಬದಲು ಹತ್ತು ಯೂನಿಟ್ಟು ಸೇರಿಸಿ ಕೊಡುವದೆಂದು 2024ರ ಜನವರಿಯಲ್ಲಿ ತಿದ್ದಿದರು. ತಿದ್ದಿದ್ದು ಒಳ್ಳೇದಾಯಿತು. ಆದರೂ ಆಕೆಯ ಮುಂದೆ ನಿಂತು ಮಿತವ್ಯಯವನ್ನು ಬೋಧಿಸುವದಕ್ಕೆ ನಮ್ಮಲ್ಲಿ ಯಾರಿಗೆ ಅಧಿಕಾರವುಂಟು? ಹೊರಲಾರದ ಹೊರೆಗಳನ್ನು ಕಟ್ಟಿ ಜನರ ಹೆಗಲ ಮೇಲೆ ಇಟ್ಟು, ತಾವು ಬೆರಳಿನಿಂದಲೂ ಮುಟ್ಟದ ಶಾಸ್ತ್ರಿಗಳ ವಿಷಯವು ನನ್ನ ನೆನಪಿಗೆ ಬಂತು. ಅದೇ ದಿನ ಬೆಳಿಗ್ಗೆ ನನ್ನ ಬಚ್ಚಲಿನ ರಾಡು ಒಂದು ಯೂನಿಟ್ಟಿನ ಹತ್ತಿರ ಹತ್ತಿರ ನುಂಗಿತ್ತು.

ಆಕೆಯ ಬಡತನ ಕರೆಂಟಿನಲ್ಲಿರಲಿಲ್ಲ, ಒಲೆಯಲ್ಲಿ ಇತ್ತು. ಉಜ್ವಲ ಯೋಜನೆಯ ಗ್ಯಾಸಿನ ಸಿಲಿಂಡರು ಮೂಲೆಯಲ್ಲಿ ಬರಿದಾಗಿ ನಿಂತಿತ್ತು. ತುಂಬಿಸುವದಕ್ಕೆ ಹಣ ಸಾಲದೆ ಮೂರು ಕಲ್ಲಿನ ಒಲೆಗೆ ತಿರುಗಿದ್ದಳು. ಗೋಡೆಯೆಲ್ಲಾ ಕರಿ, ಕಣ್ಣೆಲ್ಲಾ ಕೆಂಪು. ಸೌದೆಯ ಬಹುಪಾಲು ಬಿಸಿ ಪಾತ್ರೆಗೆ ತಗಲದೆ ಸೂರಿಗೆ ಹೋಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಉಪಯುಕ್ತವಾದ ತಂತ್ರಗಳಿಗೋಸ್ಕರ 1974ರಲ್ಲಿ ಅಸ್ತ್ರ ಎಂಬ ವಿಭಾಗವು ಹುಟ್ಟಿ, ಅವರು ರೂಪಿಸಿದ ಅಸ್ತ್ರ ಒಲೆಯು ನಮ್ಮ ಕಡೆಯ ಅನೇಕ ಮನೆಗಳಿಗೆ ಬಂದಿತ್ತು: ಸುತ್ತಲೂ ಮುಚ್ಚಿದ ಉರಿಗೂಡು, ಕೆಳಗೆ ಬೂದಿ ಬೀಳುವ ಜಾಲರಿ, ಒಂದೇ ಬೆಂಕಿಯ ಮೇಲೆ ಮೂರು ಪಾತ್ರೆ, ಕಡೆಯಲ್ಲಿ ಹೊಗೆಕೊಳವೆ. ಹಿಂದೆ ಅಂಥ ಒಲೆಗಳನ್ನು ಕಟ್ಟಿದ ಒಬ್ಬ ಗಾರೆಯವನು ಇನ್ನೂ ಇದ್ದಾನೆಂದು ತಿಳಿದು, ಹುಡುಗರು ಅವನನ್ನು ಕರತಂದರು. ಎರಡು ಶನಿವಾರ ಅವರೇ ಮಣ್ಣು ಕಲಸಿದರು, ಇಟ್ಟಿಗೆ ಹೊತ್ತರು. “ಒಬ್ಬಳಿಗೆ ಮೂರು ಕಣ್ಣಿನ ಒಲೆ ಏತಕ್ಕೆ? ಊರಿಗೆಲ್ಲಾ ಊಟ ಹಾಕಲೋ?” ಎಂದು ಆಕೆಯೇ ಅದನ್ನು ಎರಡು ಕಣ್ಣಿಗೆ ಇಳಿಸಿದಳು. ಮುಂದಿನ ಕಣ್ಣಿನಲ್ಲಿ ಅನ್ನ ಬೇಯುವಾಗ ಹಿಂದಿನದರಲ್ಲಿ ಸ್ನಾನದ ನೀರು ಕಾಯುವದು. ಹೊಗೆಯು ಸೂರಿನ ಮೇಲೆ ಹೋಗುವದನ್ನು ನೋಡಲು ಆಕೆ ಅಂಗಳಕ್ಕೆ ಇಳಿದು ಬಂದು ಬಹಳ ಹೊತ್ತು ನಿಂತಿದ್ದಳು.

ಅಂದಿನಿಂದ ನಮ್ಮ ಯುವಜನರು ಕ್ರಮವನ್ನು ಬದಲಾಯಿಸಿದ್ದಾರೆ. ಹೆಚ್ಚು ಬಳಸುವ ಮನೆಗೆ ನೋಟುಬುಕ್ಕು ಹಿಡಿದು ಹೋಗುತ್ತಾರೆ. ಕಡಿಮೆ ಬಳಸುವ ಮನೆಗೆ ಕರಣೆಯನ್ನೂ ಸ್ಕ್ರೂಡ್ರೈವರನ್ನೂ ಹಿಡಿದು ಹೋಗುತ್ತಾರೆ. ಎಲ್ಲರಿಗೂ ಒಂದೇ ಬೋಧನೆ ಮಾಡುವದು ನ್ಯಾಯವಾಗಿ ಕಂಡರೂ ನ್ಯಾಯವಲ್ಲವೆಂದು ಅವರು ನನಗಿಂತ ಬೇಗ ತಿಳಿದುಕೊಂಡರು.

ಅವರ ನೋಟುಬುಕ್ಕು ಈಗ ನಮ್ಮ ಮಂದಿರದ ಬಾಗಿಲಿಗೂ ಬಂದಿದೆ. ಮಂದಿರದ ಮುಂಭಾಗದಲ್ಲಿ ರಸ್ತೆಯವರಿಗೆ ಶಿಲುಬೆ ಕಾಣುವಂತೆ ಒಂದು ದೊಡ್ಡ ದೀಪವನ್ನು ರಾತ್ರಿಯೆಲ್ಲಾ ಉರಿಸುವದು ವಾಡಿಕೆ. ಗೃಹಜ್ಯೋತಿಯು ಮನೆಗಳಿಗೆ ಮಾತ್ರ. ಮಂದಿರದ ಬಿಲ್ಲನ್ನು ನಾವು ಕಾಣಿಕೆಯ ಹಣದಿಂದ ಕಟ್ಟುತ್ತೇವೆ. ಆ ಕಾಣಿಕೆಯಲ್ಲಿ ಎರಡು ದೀಪದ ಮನೆಯ ವಿಧವೆಯ ಹತ್ತು ರೂಪಾಯಿಯೂ ಉಂಟೆಂದು ಹುಡುಗರು ಹಿರಿಯರ ಕೂಟದಲ್ಲಿ ಎದ್ದು ಹೇಳಿದರು. ಹಿರಿಯರಲ್ಲಿ ಒಬ್ಬರು, ಅದು ಸಾಕ್ಷಿಯ ದೀಪ, ಕೊಳಗದ ಕೆಳಗೆ ಇಡಬಾರದೆಂದು ವಾದಿಸಿದರು. ಅವರ ಭಕ್ತಿಯಲ್ಲಿ ನನಗೆ ಸಂದೇಹವಿಲ್ಲ. ಮತ್ತೊಬ್ಬರು, ನಡುರಾತ್ರಿಯಲ್ಲಿ ಅದನ್ನು ನೋಡುವವು ಲಾರಿಗಳೂ ನಾಯಿಗಳೂ ಎಂದರು. ಮಾತು ಬಿಸಿಯಾಯಿತು. ಕಡೆಗೆ ವಿಷಯವನ್ನು ಬರುವ ತಿಂಗಳಿಗೆ ಮುಂದಕ್ಕೆ ಹಾಕಿ, ಅಲ್ಲಿಯ ವರೆಗೆ ಪ್ರತಿ ರಾತ್ರಿ ಹತ್ತು ಗಂಟೆಗೆ ಹೋಗಿ ದೀಪವನ್ನು ಆರಿಸುವ ಕೆಲಸವನ್ನು ನನಗೆ ಒಪ್ಪಿಸಿದರು. ನಿನ್ನೆ ನಾನು ಮರೆತು ಮಲಗಿಬಿಟ್ಟೆನು. ಹನ್ನೊಂದು ಗಂಟೆಗೆ, ನೂಲುವ ಸ್ತ್ರೀಯ ಉತ್ತರವನ್ನು ಕೊಟ್ಟ ಆ ಹುಡುಗಿಯೇ ಫೋನು ಮಾಡಿ ನನ್ನನ್ನು ಎಬ್ಬಿಸಿದಳು.